ಟೇಬಲ್ ಮೇಲೆ ಮೊದಲ ಭೇಟಿ ಬೇಡ

"ಬೆನ್ನಿಗೆ ಸೂಜಿ ಹಾಕಿಸ್ಕಬ್ಯಾಡ ಕಣವ್ವ, ಆಮೇಲೆ ಜಲ್ಮಪೂರ್ತಿ ಸೊಂಟ ಹಿಡ್ಕತದೆ."

ಮಂಡ್ಯ ಸೀಮೆಯಲ್ಲಿ ದಿನ ತುಂಬಿದ ಬಸುರಿಗೆ ಅತ್ತೆಯೋ ದೊಡ್ಡಮ್ಮನೋ ಹೇಳುವ ಮಾತಿದು. ಸಿಸೇರಿಯನ್ ಎಂದರೆ ಹೊಟ್ಟೆ ಕೊಯ್ಯುವ ಭಯ ಒಂದು ಕಡೆ, ಬೆನ್ನಿನ ಸೂಜಿಯ ಭಯ ಇನ್ನೊಂದು ಕಡೆ. ಚುಚ್ಚಿದ ಜಾಗ ಎರಡು ಮೂರು ದಿನ ನೋಯುವುದುಂಟು. ಕೆಲವರಿಗೆ ತಲೆನೋವು ಬಂದು ಹೋಗುವುದೂ ಉಂಟು. ಆದರೆ ವರ್ಷಗಟ್ಟಲೆ ಕಾಡುವ ಸೊಂಟನೋವನ್ನು ಆ ಸೂಜಿಯ ತಲೆಗೆ ಕಟ್ಟುವುದು ಸರಿಯಲ್ಲ. ಬಸಿರು ಹೊತ್ತು ಸಡಿಲವಾದ ಕೀಲುಗಳು, ಬಗ್ಗಿ ಎತ್ತಬೇಕಾದ ಕೂಸು, ಮುಗಿಯದ ಮನೆಗೆಲಸ ಇವೆಲ್ಲ ಸೇರಿ ಆ ನೋವು ತರುತ್ತವೆ. ಸೂಜಿ ಹಾಕಿಸಿಕೊಳ್ಳದೆ ಹೆತ್ತವರಲ್ಲೂ ಅದು ಇದ್ದೇ ಇದೆ.

ನಿಜವಾಗಿ ಎಚ್ಚರ ಬೇಕಾದ್ದು ಬೇರೆ ಕಡೆ. ತೂಕ ತೀರಾ ಹೆಚ್ಚಿರುವ ಹೆಂಗಸಿಗೆ ಸಿಸೇರಿಯನ್ ಮಾಡುವಾಗ ಹೆರಿಗೆ ಡಾಕ್ಟರಿಗೆ ಕಷ್ಟವಿದೆ. ಅದಕ್ಕಿಂತ ದೊಡ್ಡ ಕಷ್ಟ ಅವಳ ತಲೆಯ ಬಳಿ ನಿಂತಿರುವ ಅರಿವಳಿಕೆ ಡಾಕ್ಟರಿಗೆ. ಉಸಿರು, ಬಿ.ಪಿ., ಎಚ್ಚರ ಮೂರೂ ಅವರ ಕೈಯಲ್ಲಿರುತ್ತವೆ. ಈ ಕಷ್ಟದ ಬಹುಪಾಲನ್ನು ಮೊದಲೇ ಊಹಿಸಬಹುದು, ಊಹಿಸಿದ್ದನ್ನು ಬಹುಮಟ್ಟಿಗೆ ತಪ್ಪಿಸಲೂಬಹುದು. ತೂಕವೇನು ರಾತ್ರೋರಾತ್ರಿ ಏರುವುದಿಲ್ಲ. ಮೂರನೇ ತಿಂಗಳ ತಪಾಸಣೆಯಲ್ಲೇ ಅದು ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಹಾಗಿದ್ದೂ ನಮ್ಮಲ್ಲಿ ಬಸುರಿಯೂ ಅರಿವಳಿಕೆ ಡಾಕ್ಟರೂ ಒಬ್ಬರ ಮುಖ ಒಬ್ಬರು ನೋಡುವುದು ಆಪರೇಷನ್ ಟೇಬಲ್ ಮೇಲೆ, ಎಷ್ಟೋ ಸಲ ನಡುರಾತ್ರಿಯಲ್ಲಿ. ಆ ಭೇಟಿ ಎರಡು ತಿಂಗಳು ಮುಂಚೆ ಆಗಬೇಕು.

ತೂಕ ಎಷ್ಟಾದರೆ ಅತಿ ಎನ್ನುವುದು ಕೆ.ಜಿ. ಒಂದನ್ನೇ ನೋಡಿದರೆ ತಿಳಿಯದು. ಎತ್ತರವನ್ನೂ ಅಳೆಯಬೇಕು. ಕೆ.ಜಿ. ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದು ಬಿಎಂಐ. ಭಾರತೀಯರಲ್ಲಿ ಅದು 25 ಮುಟ್ಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಗಣಿಸುತ್ತಾರೆ. 40 ಮುಟ್ಟಿದರೆ ಎಲ್ಲ ದೇಶಗಳಲ್ಲೂ ತೀವ್ರ ಬೊಜ್ಜು. 150 ಸೆಂ.ಮೀ. ಎತ್ತರದ ಹೆಂಗಸು 90 ಕೆ.ಜಿ. ತೂಗಿದರೆ ಅವಳ ಬಿಎಂಐ ಸರಿಯಾಗಿ 40. ಅದೇ 90 ಕೆ.ಜಿ. 170 ಸೆಂ.ಮೀ. ಎತ್ತರದವಳಲ್ಲಿ 31 ಅಷ್ಟೇ. ನಮ್ಮ ಕಡೆಯ ಹೆಂಗಸರಲ್ಲಿ ಗಿಡ್ಡನೆಯವರೇ ಹೆಚ್ಚಾದ್ದರಿಂದ, "ತೊಂಬತ್ತೇನು ಮಹಾ" ಎಂದು ತಳ್ಳಿಹಾಕಿದ ತೂಕವೇ ತೀವ್ರ ಬೊಜ್ಜಿನ ಗೆರೆ ದಾಟಿರಬಹುದು.

ಈ ಸಮಸ್ಯೆ ಬೆಂಗಳೂರಿನ ಶ್ರೀಮಂತರ ಮನೆಗೆ ಸೀಮಿತ ಎಂದುಕೊಳ್ಳುವ ಕಾಲ ಮುಗಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿರುವ ಹೆಂಗಸರ ಪ್ರಮಾಣ 2015-16ರಲ್ಲಿ ಶೇ 23.3 ಇತ್ತು, 2019-21ರಲ್ಲಿ ಶೇ 30.1ಕ್ಕೆ ಏರಿತು. ಅದೇ ಅವಧಿಯಲ್ಲಿ ರಾಜ್ಯದ ಸಿಸೇರಿಯನ್ ಹೆರಿಗೆಗಳು ಶೇ 23.6ರಿಂದ ಶೇ 31.5ಕ್ಕೆ ಹೋದವು. ಇವರಲ್ಲಿ ತೀವ್ರ ಬೊಜ್ಜಿನವರು ಸಣ್ಣ ಪಾಲು. ಆದರೂ ಎರಡು ಅಂಕಿಗಳೂ ಒಟ್ಟಿಗೆ ಏರುತ್ತಿರುವಾಗ, ಮೊದಲು ಎಂದೋ ಒಮ್ಮೆ ಬರುತ್ತಿದ್ದ ಇಂಥ ಕೇಸು ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೂ ಮತ್ತೆ ಮತ್ತೆ ಬರುತ್ತದೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯ ಡ್ರಿಪ್ ಬಾಟಲಿಯತ್ತ ಬೆರಳು ತೋರಿಸಿತು. ಅದರಲ್ಲಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟ ಚರ್ಚೆಯಾಗಬೇಕಾದ್ದೇ. ಆದರೆ ಬಾಣಂತಿಯರ ಸಾವು ಅದಕ್ಕೂ ಹಳೆಯ ಗಾಯ. 2018-20ರ ಅಂಕಿಅಂಶಗಳಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು. ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54. ದಕ್ಷಿಣದ ಐದು ರಾಜ್ಯಗಳಲ್ಲಿ ಹಿಂದೆ ಬಿದ್ದವರು ನಾವೇ. ರಕ್ತಸ್ರಾವ, ಬಿ.ಪಿ., ನಂಜು ಈ ಸಾವುಗಳ ದೊಡ್ಡ ಕಾರಣಗಳು. ಅರಿವಳಿಕೆಯಿಂದ ಆಗುವ ಸಾವು ಕಡಿಮೆ. ಆದರೆ ಅದರಲ್ಲಿ ತಪ್ಪಿಸಬಹುದಾದ ಪಾಲು ದೊಡ್ಡದು.

ಉಸಿರಿನ ದಾಸ್ತಾನು

ಉಸಿರು ಪೂರ್ತಿ ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಒಂದಿಷ್ಟು ಗಾಳಿ ಉಳಿದಿರುತ್ತದೆ. ಉಸಿರು ನಿಂತ ಗಳಿಗೆಯಲ್ಲಿ ದೇಹ ಬದುಕುವುದು ಆ ದಾಸ್ತಾನಿನ ಮೇಲೆ. ದಿನ ತುಂಬಿದ ಬಸುರಿಯಲ್ಲಿ ಗರ್ಭಕೋಶ ಮೇಲೇರಿ ವಪೆಯನ್ನು ಒತ್ತುವುದರಿಂದ ಈ ದಾಸ್ತಾನು ಸುಮಾರು ಐದನೇ ಒಂದು ಭಾಗ ಕುಗ್ಗಿರುತ್ತದೆ. ಖರ್ಚು ಮಾತ್ರ ಹೆಚ್ಚು. ತಾಯಿ, ಮಗು ಇಬ್ಬರಿಗೂ ಆಮ್ಲಜನಕ ಬೇಕು. ಇದರ ಮೇಲೆ ಎದೆ, ಹೊಟ್ಟೆಗಳ ಬೊಜ್ಜಿನ ಭಾರ ಸೇರಿ, ಅವಳನ್ನು ಅಂಗಾತ ಮಲಗಿಸಿದರೆ ದಾಸ್ತಾನು ಇನ್ನಷ್ಟು ಇಳಿಯುತ್ತದೆ. ಮನೆ ಮೇಲಿನ ಟ್ಯಾಂಕ್ ಅರ್ಧ ಮಾಡಿ, ಕೆಳಗಿನ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟ ಹಾಗೆ.

ಪೂರ್ತಿ ಮಂಪರು ಕೊಡುವ ಜನರಲ್ ಅನಸ್ತೇಸಿಯಾದಲ್ಲಿ ಈ ಲೆಕ್ಕ ಬಯಲಿಗೆ ಬರುತ್ತದೆ. ಔಷಧ ಕೊಟ್ಟೊಡನೆ ಉಸಿರಾಟ ನಿಲ್ಲುತ್ತದೆ. ಗಂಟಲ ಮೂಲಕ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿ ಯಂತ್ರದಿಂದ ಉಸಿರು ಕೊಡುವ ತನಕ ಇರುವ ಬಿಡುವು ಆ ದಾಸ್ತಾನಿನಷ್ಟೇ. 1997ರಲ್ಲಿ ಪ್ರಕಟವಾದ ಪ್ರಸಿದ್ಧ ಲೆಕ್ಕಾಚಾರವೊಂದರ ಪ್ರಕಾರ, ಮೊದಲೇ ಚೆನ್ನಾಗಿ ಆಮ್ಲಜನಕ ಕೊಟ್ಟಿದ್ದರೆ 70 ಕೆ.ಜಿ.ಯ ಆರೋಗ್ಯವಂತ ವ್ಯಕ್ತಿಯ ರಕ್ತದಲ್ಲಿ ಆಮ್ಲಜನಕ ಶೇ 90ಕ್ಕೆ ಇಳಿಯಲು ಸುಮಾರು ಎಂಟು ನಿಮಿಷ ಬೇಕು. 127 ಕೆ.ಜಿ.ಯ ಬೊಜ್ಜಿನ ದೇಹದಲ್ಲಿ ಮೂರು ನಿಮಿಷವೂ ಸಿಗುವುದಿಲ್ಲ. ಆ ದೇಹದಲ್ಲಿ ಬಸಿರೂ ಇದ್ದರೆ ಸಿಗುವ ಸಮಯ ಇನ್ನೂ ಕಡಿಮೆ.

ಇಷ್ಟು ಕಡಿಮೆ ಸಮಯದಲ್ಲಿ ಮಾಡಬೇಕಾದ ಕೆಲಸವೂ ಸುಲಭದ್ದಲ್ಲ. ಬಸಿರಿನಲ್ಲಿ ಗಂಟಲ ಒಳಭಾಗ ಊದಿರುತ್ತದೆ. ಕುತ್ತಿಗೆ ಗಿಡ್ಡ, ಸುತ್ತ ಕೊಬ್ಬು, ಭಾರವಾದ ಎದೆ ಸೇರಿದರೆ ಟ್ಯೂಬ್ ಇಳಿಸುವ ದಾರಿ ಕಾಣುವುದೇ ಕಷ್ಟ. ಹೆರಿಗೆಯ ಜನರಲ್ ಅನಸ್ತೇಸಿಯಾಗಳಲ್ಲಿ ಸುಮಾರು 390ಕ್ಕೆ ಒಂದರಲ್ಲಿ ಟ್ಯೂಬ್ ಹಾಕುವ ಪ್ರಯತ್ನ ವಿಫಲವಾಗುತ್ತದೆ ಎಂದು 2015ರ ಒಂದು ವಿಮರ್ಶೆ ಲೆಕ್ಕ ಹಾಕಿತು. ಇದು ಎಲ್ಲ ತೂಕದವರೂ ಸೇರಿದ ಸರಾಸರಿ.

ಇಲ್ಲಿ ಕಾಸು ಖರ್ಚಿಲ್ಲದ ಒಂದು ಉಪಾಯವಿದೆ. ಭುಜ, ಬೆನ್ನು, ತಲೆಯ ಕೆಳಗೆ ಮಡಿಸಿದ ಬೆಡ್‌ಶೀಟುಗಳನ್ನು ಇಳಿಜಾರಾಗಿ ಪೇರಿಸಿ, ಕಿವಿಯ ತೂತು ಮತ್ತು ಎದೆಮೂಳೆಯ ಮೇಲ್ತುದಿ ಒಂದೇ ಮಟ್ಟಕ್ಕೆ ಬರುವಂತೆ ಮಲಗಿಸುವುದು. ಇದರಿಂದ ಉಸಿರು ಸಲೀಸಾಗುತ್ತದೆ, ಟ್ಯೂಬಿನ ದಾರಿಯೂ ನೇರವಾಗುತ್ತದೆ. ಆದರೆ ಮಂಪರು ಕೊಟ್ಟ ಮೇಲೆ 110 ಕೆ.ಜಿ.ಯ ದೇಹವನ್ನು ಎತ್ತಿ ಬೆಡ್‌ಶೀಟು ಪೇರಿಸಲಾಗದು. ಮೊದಲೇ ಯೋಚಿಸಿದ್ದರೆ ಮಾತ್ರ ಈ ಉಪಾಯ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಅಪಾಯವನ್ನು ಮನೆಯವರೇ ಪ್ರೀತಿಯಿಂದ ತಂದಿಡುತ್ತಾರೆ. "ಬರೀ ಹೊಟ್ಟೇಲಿ ಎಂಗೆ ನೋವು ತಡ್ಕಂಡಾಳು" ಎಂದು ನರ್ಸಮ್ಮನ ಕಣ್ಣು ತಪ್ಪಿಸಿ ಇಡ್ಲಿ, ಕಾಫಿ ಕೊಡುವುದು. ಹೆರಿಗೆ ನೋವಿನಲ್ಲಿ ಜಠರ ಬೇಗ ಖಾಲಿಯಾಗುವುದಿಲ್ಲ. ಮಂಪರಿನಲ್ಲಿ ಅದರಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಕುತ್ತು. ನ್ಯೂಯಾರ್ಕಿನ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ 44,016 ಹೆರಿಗೆಗಳನ್ನು ಪರಿಶೀಲಿಸಿ ಇಂಥ 66 ಪ್ರಕರಣಗಳನ್ನು ಗುರುತಿಸಿದ ಮೇಲೆಯೇ ಜಗತ್ತಿನ ಹೆರಿಗೆ ಕೋಣೆಗಳಲ್ಲಿ ಉಪವಾಸದ ನಿಯಮ ಬಿಗಿಯಾದದ್ದು. ಹೊಟ್ಟೆಯ ಮೇಲೆ ಬೊಜ್ಜಿನ ಒತ್ತಡವಿರುವವರಿಗೆ ಈ ಅಪಾಯ ಇನ್ನೂ ಹತ್ತಿರ. ದಿನ ಗೊತ್ತುಮಾಡಿದ ಆಪರೇಷನ್ ಆದರೆ ಆರು ಗಂಟೆ ಮುಂಚಿನಿಂದ ಊಟ ತಿಂಡಿ ಬೇಡ. ಬರೀ ನೀರನ್ನು ಎರಡು ಗಂಟೆ ಮುಂಚಿನ ತನಕ ಕುಡಿಯಬಹುದು. ತಿಂದದ್ದನ್ನು ಮುಚ್ಚಿಡುವುದಂತೂ ಬೇಡವೇ ಬೇಡ. ಹೊಟ್ಟೆಯಲ್ಲಿ ಏನಿದೆ ಎಂದು ಗೊತ್ತಿದ್ದರೆ ಡಾಕ್ಟರು ಅದಕ್ಕೆ ತಕ್ಕ ಔಷಧ, ತಕ್ಕ ವಿಧಾನ ಆರಿಸಿಕೊಳ್ಳುತ್ತಾರೆ.

ಬೆನ್ನಿನ ಸೂಜಿಯೇ ಮೇಲು, ಆದರೆ ಸುಲಭವಲ್ಲ

ಇಷ್ಟೆಲ್ಲ ಅಪಾಯವನ್ನು ಬಳಸಿಕೊಂಡು ಹೋಗುವ ದಾರಿಯೇ ಊರವರು ಹೆದರುವ ಬೆನ್ನಿನ ಸೂಜಿ. ಸ್ಪೈನಲ್ ಎಂಬ ಈ ಸೂಜಿ ಕೊಟ್ಟರೆ ತಾಯಿ ಎಚ್ಚರವಾಗಿರುತ್ತಾಳೆ, ತಾನೇ ಉಸಿರಾಡುತ್ತಾಳೆ, ಮಗುವಿನ ಮೊದಲ ಅಳು ಕೇಳುತ್ತಾಳೆ. ತೂಕ ಹೆಚ್ಚಿದ್ದಷ್ಟೂ ಇದೇ ಮೇಲಾದ ದಾರಿ. ಆದರೆ ತೂಕ ಹೆಚ್ಚಿದ್ದಷ್ಟೂ ಈ ದಾರಿ ಹಿಡಿಯುವುದೂ ಕಷ್ಟ.

ಸಾಮಾನ್ಯ ಸ್ಪೈನಲ್ ಸೂಜಿ ಸುಮಾರು 9 ಸೆಂ.ಮೀ. ಉದ್ದ. ಕೆಲವರ ಬೆನ್ನಿನಲ್ಲಿ ಚರ್ಮದಿಂದ ಬೆನ್ನುಹುರಿಯ ದ್ರವದ ತನಕ ಅದಕ್ಕೂ ಹೆಚ್ಚು ಆಳವಿರಬಹುದು. 12 ಸೆಂ.ಮೀ. ಅಥವಾ ಇನ್ನೂ ಉದ್ದದ ಸೂಜಿ ಮೊದಲೇ ತರಿಸಿಟ್ಟಿರಬೇಕು. ರಾತ್ರಿ ಎರಡು ಗಂಟೆಗೆ ಮೆಡಿಕಲ್ ಶಾಪ್ ತಟ್ಟಿದರೆ ಅದು ಸಿಗುವ ವಸ್ತುವಲ್ಲ. ಬೆನ್ನುಮೂಳೆಯ ಗೆಣ್ಣುಗಳನ್ನು ಬೆರಳಿನಿಂದ ಮುಟ್ಟಿ ಜಾಗ ಗುರುತಿಸುವುದು ವಾಡಿಕೆ. ಕೊಬ್ಬಿನ ಪದರದ ಕೆಳಗೆ ಅವು ಕೈಗೆ ಸಿಗುವುದಿಲ್ಲ. ಕೂರಿಸಿಕೊಂಡು, ಸ್ಕ್ಯಾನಿಂಗ್ ಯಂತ್ರದ ನೆರವಿನಿಂದ ನಡುಗೆರೆಯನ್ನೂ ಆಳವನ್ನೂ ನೋಡಿಕೊಂಡರೆ ಎರಡು ಮೂರು ಸಲ ಚುಚ್ಚುವುದು ತಪ್ಪುತ್ತದೆ.

ಹೆರಿಗೆ ನೋವಿಗೆ ಬೆನ್ನಿನಲ್ಲಿ ಸಣ್ಣ ನಳಿಕೆ ಇಟ್ಟು ಔಷಧ ಹಾಯಿಸುವ ಎಪಿಡ್ಯೂರಲ್ ವಿಷಯದಲ್ಲಿ 1993ರ ಅಮೆರಿಕದ ಅಧ್ಯಯನವೊಂದು ಇಂದಿಗೂ ಉಲ್ಲೇಖಗೊಳ್ಳುತ್ತದೆ. 136 ಕೆ.ಜಿ. ಮೀರಿದ ಬಸುರಿಯರಲ್ಲಿ ಮೊದಲ ಸಲ ಇಟ್ಟ ನಳಿಕೆ ಶೇ 42ರಷ್ಟು ಜನರಲ್ಲಿ ಕೈಕೊಟ್ಟಿತು, ಸಾಮಾನ್ಯ ತೂಕದವರಲ್ಲಿ ಶೇ 6ರಷ್ಟರಲ್ಲಿ ಮಾತ್ರ. ಅದೇ ಅಧ್ಯಯನದ ಭಾರದ ಬಸುರಿಯರಲ್ಲಿ ಶೇ 62 ಮಂದಿಗೆ ಸಿಸೇರಿಯನ್ ಆಯಿತು, ಉಳಿದವರಲ್ಲಿ ಶೇ 24. ಅಂದರೆ ಸಿಸೇರಿಯನ್ ಯಾರಿಗೆ ಹೆಚ್ಚು ಬೇಕಾಗುತ್ತದೋ ಅವರಲ್ಲೇ ಅರಿವಳಿಕೆ ಮೊದಲ ಸಲಕ್ಕೆ ಹತ್ತುವ ಭರವಸೆ ಕಡಿಮೆ. ನಳಿಕೆಯನ್ನು ನೋವು ಶುರುವಾದ ಹೊಸದರಲ್ಲೇ ಇಟ್ಟು, ಕೆಲಸ ಮಾಡುತ್ತಿದೆಯೇ ಎಂದು ನೋಡಿ, ಬೇಕಾದರೆ ಬದಲಿಸಿಕೊಳ್ಳುವುದು ಇದಕ್ಕಾಗಿ. ಆಮೇಲೆ ತುರ್ತು ಸಿಸೇರಿಯನ್ ಬಂದರೂ ಅದೇ ನಳಿಕೆಯಲ್ಲಿ ಗಟ್ಟಿ ಔಷಧ ಹಾಯಿಸಿದರೆ ಸಾಕು.

ಒಮ್ಮೆ ಚುಚ್ಚಿ ಮುಗಿಸುವ ಸ್ಪೈನಲ್‌ಗೆ ಸಮಯದ ಮಿತಿಯೂ ಇದೆ. ಒಂದೂವರೆ ಎರಡು ಗಂಟೆಯಲ್ಲಿ ಅದು ಇಳಿಯುತ್ತದೆ. ದಪ್ಪ ಹೊಟ್ಟೆಯ ಪದರಗಳನ್ನು ದಾಟಿ ಮಗು ತೆಗೆದು ಮತ್ತೆ ಹೊಲಿಯಲು ಹೆಚ್ಚು ಹೊತ್ತು ಬೇಕು. ನಡುವೆ ಅರಿವಳಿಕೆ ಇಳಿದರೆ, ಹೊಟ್ಟೆ ತೆರೆದಿರುವಾಗಲೇ ಜನರಲ್ ಅನಸ್ತೇಸಿಯಾಕ್ಕೆ ಹೋಗಬೇಕಾದೀತು. ಯಾವ ಅರಿವಳಿಕೆ ಡಾಕ್ಟರೂ ಬಯಸದ ಸನ್ನಿವೇಶ ಅದು. ಸ್ಪೈನಲ್ ಜತೆಗೇ ಎಪಿಡ್ಯೂರಲ್ ನಳಿಕೆಯನ್ನೂ ಇಟ್ಟುಕೊಳ್ಳುವುದು ದೊಡ್ಡ ಆಸ್ಪತ್ರೆಗಳ ರೂಢಿ. ಅದಕ್ಕೆ ಕೈಪಳಗಿದವರು ಬೇಕು.

ಸ್ಪೈನಲ್ ಆದ ಮೇಲೆ ಬಿ.ಪಿ. ಇಳಿಯುತ್ತದೆ. ಬಸುರಿ ಅಂಗಾತ ಮಲಗಿದರೆ ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತಿ ಇನ್ನಷ್ಟು ಇಳಿಸುತ್ತದೆ. ಎಡಕ್ಕೆ ಸ್ವಲ್ಪ ವಾಲಿಸಿ ಮಲಗಿಸುವುದು, ಬಿ.ಪಿ. ಏರಿಸುವ ಔಷಧವನ್ನು ಸಿರಿಂಜಿನಲ್ಲಿ ತುಂಬಿಟ್ಟುಕೊಳ್ಳುವುದು ಮಾಮೂಲು. ಭಾರದ ದೇಹದಲ್ಲಿ ಬಿ.ಪಿ. ಅಳೆಯುವುದೇ ಒಂದು ಸಮಸ್ಯೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿ.ಪಿ. ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಇಳಿದ ಬಿ.ಪಿ.ಯನ್ನು ಸರಿಯಾಗಿದೆ ಎಂದು ನಂಬಿ ಕೂತರೆ ತಾಯಿ, ಮಗು ಇಬ್ಬರಿಗೂ ರಕ್ತ ಸಾಲದೆ ಹೋಗುತ್ತದೆ. ದೊಡ್ಡ ಪಟ್ಟಿಗೆ ಹೆಚ್ಚಿನ ಬೆಲೆಯಿಲ್ಲ, ಆದರೆ ಎಲ್ಲ ಕಡೆ ಇರುವುದಿಲ್ಲ. ಆಪರೇಷನ್ ಟೇಬಲ್ ಎಷ್ಟು ಕೆ.ಜಿ. ತಡೆಯುತ್ತದೆ ಎನ್ನುವುದನ್ನೂ ಮೊದಲೇ ನೋಡಿಕೊಂಡಿರಬೇಕು. ಜೋತ ಹೊಟ್ಟೆಯನ್ನು ಮೇಲಕ್ಕೆತ್ತಿ ಅಂಟುಪಟ್ಟಿ ಹಾಕಿ ಎದೆಯ ಮೇಲೆ ಒತ್ತಿದರೆ ಎಚ್ಚರವಿದ್ದವಳಿಗೂ ಉಸಿರು ಕಟ್ಟುತ್ತದೆ. ಇವೆಲ್ಲ ಸಣ್ಣ ಸಂಗತಿಗಳು. ಒಂದೇ ರಾತ್ರಿ ಒಟ್ಟಿಗೆ ಎದುರಾದರೆ ಸಣ್ಣವಲ್ಲ.

ಆಪರೇಷನ್ ಮುಗಿದ ಮೇಲಿನ ಅಪಾಯ

ಮಗು ಹೊರಬಂತು, ಹೊಲಿಗೆ ಮುಗಿಯಿತು, ಬೆಲ್ಲ ಸಕ್ಕರೆ ಹಂಚಿದ್ದಾಯಿತು. ಮನೆಯವರ ಎಚ್ಚರ ಸಡಿಲುವ ಹೊತ್ತು ಇದು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1985ರಿಂದ 2003ರ ನಡುವೆ ಅರಿವಳಿಕೆಗೆ ಸಂಬಂಧಿಸಿದ ಎಂಟು ತಾಯಂದಿರ ಸಾವುಗಳನ್ನು ವೈದ್ಯರು ಒಂದೊಂದಾಗಿ ಬಿಡಿಸಿ ನೋಡಿದರು. ಎಲ್ಲರೂ ಹೆದರುವ, ಮಂಪರು ಕೊಡುವ ಮೊದಲ ಗಳಿಗೆಯಲ್ಲಿ ಒಂದು ಸಾವೂ ಆಗಿರಲಿಲ್ಲ. ಐದು ಸಾವುಗಳು ಮಂಪರು ಇಳಿದು ಏಳುವಾಗ ಅಥವಾ ಚೇತರಿಕೆಯ ಹೊತ್ತಿನಲ್ಲಿ, ಉಸಿರು ಸಾಲದೆಯೋ ದಾರಿ ಮುಚ್ಚಿಯೋ ಆಗಿದ್ದವು. ಸತ್ತ ಎಂಟರಲ್ಲಿ ಆರು ಮಂದಿಗೆ ಬೊಜ್ಜಿತ್ತು. ಬ್ರಿಟನ್ನಿನಲ್ಲಿ 2003-05ರ ತಾಯಂದಿರ ಮರಣ ವರದಿಯಲ್ಲಿ ನೇರವಾಗಿ ಅರಿವಳಿಕೆಯಿಂದ ತೀರಿಕೊಂಡ ಆರು ಮಂದಿಯಲ್ಲಿ ನಾಲ್ವರು ಬೊಜ್ಜಿನವರು. ಎಲ್ಲ ಸೌಲಭ್ಯವಿದ್ದ ದೇಶಗಳ ಕತೆ ಇದು.

ನಮ್ಮ ಸಣ್ಣ ಊರುಗಳ ವ್ಯವಸ್ಥೆ ಎಡವುವುದೂ ಇಲ್ಲೇ. ಅನೇಕ ನರ್ಸಿಂಗ್ ಹೋಮ್‌ಗಳಿಗೆ ಅರಿವಳಿಕೆ ಡಾಕ್ಟರು ಕೇಸಿಗೆ ಕರೆದಾಗ ಬಂದು, ಮುಗಿಸಿ, ಮುಂದಿನ ಊರಿಗೆ ಹೊರಡುತ್ತಾರೆ. ಬಳಿಕ ರಾತ್ರಿಯಿಡೀ ಬಾಣಂತಿಯನ್ನು ನೋಡಿಕೊಳ್ಳುವುದು ಹಲವು ವಾರ್ಡುಗಳ ಹೊಣೆ ಹೊತ್ತ ಒಬ್ಬ ನರ್ಸ್. ನೋವಿಗೆ ಕೊಡುವ ಬಲವಾದ ಔಷಧಗಳು ಉಸಿರನ್ನು ನಿಧಾನ ಮಾಡುತ್ತವೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವಳಲ್ಲಿ ಅದು ಸದ್ದಿಲ್ಲದೆ ನಿಂತೇ ಹೋಗಬಹುದು. ತಲೆ ಕಡೆ ಎತ್ತರಿಸಿದ ಮಂಚ, ಬೆರಳಿಗೆ ಪಲ್ಸ್ ಆಕ್ಸಿಮೀಟರ್, ಗಂಟೆಗಂಟೆಗೆ ನೋಡುವ ಒಬ್ಬರು, ಇಷ್ಟಿದ್ದರೆ ಬಹುಪಾಲು ಅನಾಹುತ ತಪ್ಪುತ್ತದೆ. ಬಸಿರಿನಲ್ಲಿ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ ಮನೆಮಂದಿ ನಗುತ್ತಾರೆ. ಗೊರಕೆಯ ನಡುವೆ ಉಸಿರು ನಿಂತು, ಬೆಚ್ಚಿ ಮತ್ತೆ ಶುರುವಾಗುತ್ತದೆಯೇ? ಹಗಲಲ್ಲೂ ಕೂತಲ್ಲೇ ತೂಕಡಿಸುತ್ತಾಳೆಯೇ? ಅಂಗಾತ ಮಲಗಲಾಗದೆ ದಿಂಬು ಪೇರಿಸಿಕೊಳ್ಳುತ್ತಾಳೆಯೇ? ಇವನ್ನು ಡಾಕ್ಟರಿಗೆ ಹೇಳಬೇಕಾದವರು ಗಂಡ ಅಥವಾ ಪಕ್ಕದಲ್ಲಿ ಮಲಗುವ ತಾಯಿ. ಮಲಗಿದವಳಿಗೆ ತನ್ನ ಗೊರಕೆ ಗೊತ್ತಾಗುವುದಿಲ್ಲ.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಇನ್ನೊಂದು ದೊಡ್ಡ ಭಯ. ಬಸಿರು, ಆಪರೇಷನ್, ಬೊಜ್ಜು ಮೂರೂ ಸೇರಿದಾಗ ಅದು ಹೆಚ್ಚುತ್ತದೆ. ಅದಕ್ಕೆ ಕೊಡುವ ಹೆಪಾರಿನ್ ಜಾತಿಯ ಸೂಜಿಗೂ ಬೆನ್ನಿನ ಸೂಜಿಗೂ ನಡುವೆ ಗಂಟೆಗಳ ಅಂತರ ಬೇಕು. ಬಸಿರಿನಲ್ಲೇ ಆ ಸೂಜಿ ತೆಗೆದುಕೊಳ್ಳುತ್ತಿರುವವರು ಯಾವಾಗ ತೆಗೆದುಕೊಂಡೆವು ಎಂಬುದನ್ನು ತಪ್ಪದೆ ಹೇಳಬೇಕು. ಇಲ್ಲಿ ನಮ್ಮ ಬಾಣಂತನದ ಒಂದು ಪದ್ಧತಿಯೂ ಅಡ್ಡ ಬರುತ್ತದೆ. ಅಲ್ಲಾಡದೆ ಮಲಗು, ನೆಲಕ್ಕೆ ಕಾಲಿಡಬೇಡ ಎನ್ನುವ ಅಕ್ಕರೆ. ಸಿಸೇರಿಯನ್ ಆದವಳು, ಅದರಲ್ಲೂ ತೂಕದವಳು, ಡಾಕ್ಟರು ಹೇಳಿದ ಹೊತ್ತಿಗೆ ಎದ್ದು ನಾಲ್ಕು ಹೆಜ್ಜೆ ನಡೆಯಲೇಬೇಕು.

ನಾಲ್ಕು ತಾಲ್ಲೂಕುಗಳ ದೂರ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ನಾಲ್ಕರಲ್ಲೂ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ. ಸಾಮಾನ್ಯ ತೂಕದ ಹೆಂಗಸಿನ ಸಿಸೇರಿಯನ್‌ಗೆ ಅವು ಸಾಕು, ಸಾಕಾಗಬೇಕು. ಬಿಎಂಐ 40 ದಾಟಿದವಳಿಗೆ ಬೇಕಾದ ಐಸಿಯು, ವೆಂಟಿಲೇಟರ್, ಒಬ್ಬರಿಗಿಂತ ಹೆಚ್ಚು ಅರಿವಳಿಕೆ ತಜ್ಞರು ಒಟ್ಟಿಗೆ ಸಿಗುವುದು ಬೋಧನಾ ಆಸ್ಪತ್ರೆಗಳಲ್ಲಿ. ಈ ಸೀಮೆಗೆ ಹತ್ತಿರವಿರುವವು ಮಂಡ್ಯದ ಮಿಮ್ಸ್, ಮೈಸೂರಿನ ಚೆಲುವಾಂಬ ಆಸ್ಪತ್ರೆ, ನಾಗಮಂಗಲ ತಾಲ್ಲೂಕಿನ ಬಿ.ಜಿ.ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ಶ್ರೀರಂಗಪಟ್ಟಣದವರಿಗೆ ಮೈಸೂರು ಹೆದ್ದಾರಿಯಲ್ಲಿ ಅರ್ಧ ಗಂಟೆಯ ಮಾತು. ಪಾಂಡವಪುರ ಪಟ್ಟಣದವರಿಗೆ ಮಂಡ್ಯ, ಮೈಸೂರು ಎರಡೂ ಕೈಗೆಟಕುತ್ತವೆ, ಮೇಲುಕೋಟೆ ಸುತ್ತಿನ ಹಳ್ಳಿಗಳವರಿಗೆ ಅಷ್ಟು ಸಲೀಸಲ್ಲ. ನಾಗಮಂಗಲದವರಿಗೆ ಬಿ.ಜಿ.ನಗರವಿದೆ. ಕೆ.ಆರ್.ಪೇಟೆಯ ಹಳ್ಳಿಗಳಿಂದ ಮಾತ್ರ ಯಾವ ಬೋಧನಾ ಆಸ್ಪತ್ರೆಯೂ ಹತ್ತಿರವಲ್ಲ. ನೋವು ಶುರುವಾದ ಮೇಲೆ ರಾತ್ರಿ ಹೊರಟು, ತಾಲ್ಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿಂದ ಬರೆಸಿಕೊಂಡು 108ರಲ್ಲಿ ಮತ್ತೆ ಹೊರಡುವುದರಲ್ಲಿ ಕಳೆಯುವ ಹೊತ್ತು ತಾಯಿಯದೂ ಮಗುವಿನದೂ ಆಗಿರುತ್ತದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು ಒಬ್ಬರೇ ಇದ್ದರೆ ಅವರಿಗೆ ರಜೆಯೂ ಇಲ್ಲ, ನಿದ್ದೆಯೂ ಇಲ್ಲ. ಈ ಕೊರತೆ ತುಂಬಲು ಎಂಬಿಬಿಎಸ್ ವೈದ್ಯರಿಗೆ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ ತಂದಿತು. ತುರ್ತು ಹೆರಿಗೆಗಳಲ್ಲಿ ಅದು ಉಪಕಾರ ಮಾಡಿದೆ. ಆದರೆ 110 ಕೆ.ಜಿ.ಯ, ಬಿ.ಪಿ. ಇರುವ, ಗೊರಕೆ ಹೊಡೆಯುವ ಬಸುರಿ ಕೆಲವೇ ತಿಂಗಳ ತರಬೇತಿಗೆ ಒಪ್ಪಿಸಬಹುದಾದ ಕೇಸಲ್ಲ.

ಇನ್ನೊಂದು ತೊಡಕು ನಮ್ಮ ಪದ್ಧತಿಯದೇ. ಸೊಸೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ತಪಾಸಣೆ ಮಾಡಿಸಿಕೊಳ್ಳುತ್ತಾಳೆ. ಸೀಮಂತ ಮುಗಿಸಿಕೊಂಡು ಹೆರಿಗೆಗೆ ತವರಿಗೆ ಬರುತ್ತಾಳೆ. ಏಳೆಂಟು ತಿಂಗಳು ನೋಡಿದ ಡಾಕ್ಟರು ಅಲ್ಲಿ, ಹೆರಿಗೆ ಮಾಡಿಸುವ ಡಾಕ್ಟರು ಇಲ್ಲಿ. ಥೈರಾಯ್ಡ್ ಮಾತ್ರೆ, ಸಕ್ಕರೆ ಕಾಯಿಲೆಯ ಚೀಟಿ, ಹಿಂದಿನ ಆಪರೇಷನ್ನಿನ ಸಮ್ಮರಿ ಗಂಡನ ಮನೆಯ ಬೀರುವಿನಲ್ಲೇ ಉಳಿದಿರುತ್ತವೆ. ತವರಿನ ಬಾಣಂತನ ಬೇಡವೆಂದು ಯಾರೂ ಹೇಳಬೇಕಿಲ್ಲ. ಮಡಿಲಕ್ಕಿಯ ಜತೆಗೆ ಈ ಕಡತವನ್ನೂ ಕಟ್ಟಿಕೊಡಿ, ತವರಿಗೆ ಬಂದ ವಾರದಲ್ಲೇ ಹೆರಿಗೆಯ ಆಸ್ಪತ್ರೆಯನ್ನು ತೀರ್ಮಾನಿಸಿ.

ಏಳನೇ ತಿಂಗಳ ಕೆಲಸಗಳು

ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ಮಾರ್ಗಸೂಚಿ ಬಿಎಂಐ 40 ಮತ್ತು ಅದಕ್ಕಿಂತ ಹೆಚ್ಚಿರುವ ಪ್ರತಿ ಬಸುರಿಯನ್ನೂ ಹೆರಿಗೆಗೆ ಮೊದಲೇ ಅರಿವಳಿಕೆ ತಜ್ಞರ ಬಳಿಗೆ ಕಳಿಸಬೇಕು ಎನ್ನುತ್ತದೆ. ನಮ್ಮಲ್ಲಿ ಅದಕ್ಕೆ ಹೊಸ ಯೋಜನೆ ಬೇಕಿಲ್ಲ. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಬಸುರಿಯರಿಗೆ ತಜ್ಞರ ತಪಾಸಣೆ ನಡೆಯುತ್ತದೆ. ಅಪಾಯವಿರುವವರ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಹಚ್ಚುತ್ತಾರೆ. ತೀವ್ರ ಬೊಜ್ಜಿಗೂ ತಪ್ಪದೆ ಆ ಕೆಂಪು ಸ್ಟಿಕ್ಕರ್ ಬೀಳಲಿ. ಕಾರ್ಡಿನಲ್ಲಿ ತೂಕದ ಪಕ್ಕ ಎತ್ತರವನ್ನೂ ಬಿಎಂಐಯನ್ನೂ ಬರೆಯಲಿ. ಆ ದಿನ ಅರಿವಳಿಕೆ ಡಾಕ್ಟರೂ ಒಂದು ಗಂಟೆ ಕುಳಿತು ಬಾಯಿ, ಕುತ್ತಿಗೆ, ಬೆನ್ನು ನೋಡಲಿ. ಮನೆಗೆ ಬರುವ ಆಶಾ ಕಾರ್ಯಕರ್ತೆ ಕೆಂಪು ಸ್ಟಿಕ್ಕರಿನವರಿಗೆ ಯಾವ ಆಸ್ಪತ್ರೆ, ಯಾವ ವಾಹನ ಎಂಬುದನ್ನು ಎಂಟನೇ ತಿಂಗಳಿಗೇ ಬರೆಸಿಕೊಳ್ಳಲಿ.

ತೂಕ ಹೆಚ್ಚು ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ, ಇದನ್ನು ಒತ್ತಿ ಹೇಳಬೇಕು. ಸಹಜ ಹೆರಿಗೆ ಆಗುವುದಾದರೆ ಅದರಷ್ಟು ಕ್ಷೇಮ ಇನ್ನೊಂದಿಲ್ಲ. ಆದರೆ ಅದನ್ನು ಪ್ರಯತ್ನಿಸುವ ಜಾಗ ನಡುವೆ ತೊಂದರೆಯಾದರೆ ತಕ್ಷಣ ಆಪರೇಷನ್ ಮಾಡಬಲ್ಲ ಆಸ್ಪತ್ರೆಯಾಗಿರಲಿ. ಸಿಸೇರಿಯನ್ ಖಚಿತವೆಂದಾದರೆ ಎಲ್ಲ ಸಿಬ್ಬಂದಿ ಇರುವ ಹಗಲು ಹೊತ್ತಿನಲ್ಲಿ, ದಿನ ಗೊತ್ತುಮಾಡಿ ಆಗಲಿ. ಮನೆಯವರು ಧೈರ್ಯವಾಗಿ ಕೇಳಬೇಕಾದ ಪ್ರಶ್ನೆಗಳು ಇವು: ಇಲ್ಲಿ ಉದ್ದದ ಸ್ಪೈನಲ್ ಸೂಜಿ ಇದೆಯೇ? ದೊಡ್ಡ ಬಿ.ಪಿ. ಪಟ್ಟಿ ಇದೆಯೇ? ಟೇಬಲ್ ಎಷ್ಟು ತೂಕ ತಡೆಯುತ್ತದೆ? ಆಪರೇಷನ್ ಆದ ರಾತ್ರಿ ಯಾರು ನೋಡಿಕೊಳ್ಳುತ್ತಾರೆ? ಐಸಿಯು ಬೇಕಾದರೆ ಎಲ್ಲಿಗೆ? ಇವಕ್ಕೆ ಮುನಿಸಿಕೊಳ್ಳುವ ಡಾಕ್ಟರಿಗಿಂತ, "ಇಲ್ಲಿ ಬೇಡ, ಚೆಲುವಾಂಬಕ್ಕೆ ಹೋಗಿ" ಎಂದು ಏಳನೇ ತಿಂಗಳಲ್ಲೇ ಹೇಳುವ ಡಾಕ್ಟರು ನಿಮ್ಮ ಹಿತೈಷಿ.

ಬಸಿರಾದ ಮೇಲೆ ತೂಕ ಇಳಿಸಲು ಉಪವಾಸ ಬೀಳುವುದು ತಪ್ಪು. ಅತಿಯಾಗಿ ಏರದಂತೆ ನೋಡಿಕೊಂಡರೆ ಸಾಕು. ಬಿಎಂಐ 30 ದಾಟಿದವರು ಬಸಿರಿನಲ್ಲಿ 5ರಿಂದ 9 ಕೆ.ಜಿ. ಹೆಚ್ಚಿದರೆ ಸಾಕು ಎಂಬುದು ಅಮೆರಿಕದ ವೈದ್ಯಕೀಯ ಸಂಸ್ಥೆಯ 2009ರ ಸಲಹೆ. ಇಬ್ಬರ ಊಟ ಉಣ್ಣು ಎನ್ನುವ ಹಿರಿಯರ ಮಾತು ಹಸಿವಿನ ಕಾಲದ್ದು. ಐಸಿಎಂಆರ್ ಪ್ರಕಾರ ಬಸುರಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದದ್ದು 350 ಕ್ಯಾಲೊರಿ, ಹೆಚ್ಚೂ ಕಡಿಮೆ ನೂರು ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಷ್ಟು. ಎರಡನೆಯ ಹೆರಿಗೆಯ ತೂಕ ಬಹಳ ಸಲ ಮೊದಲ ಬಾಣಂತನದಲ್ಲಿ ಕೂಡುತ್ತದೆ. ತಿಂಗಳುಗಟ್ಟಲೆ ತುಪ್ಪ, ಕೊಬ್ಬರಿ, ಬೆಲ್ಲದ ಉಂಡೆ, ಮಲಗಿಯೇ ಇರುವ ದಿನಚರಿ ಎಲ್ಲ ಸೇರಿ ಏರಿದ ತೂಕ ಇಳಿಯದೆ ಮುಂದಿನ ಬಸಿರಿಗೆ ಸೇರಿಕೊಳ್ಳುತ್ತದೆ. ಮೊದಲನೆಯದು ಸಿಸೇರಿಯನ್ ಆಗಿದ್ದರೆ ಎರಡನೆಯದೂ ಹಾಗೇ ಆಗುವ ಸಂಭವ ಹೆಚ್ಚು. ಎರಡು ಬಸಿರಿನ ನಡುವಿನ ವರ್ಷಗಳಲ್ಲಿ ಐದಾರು ಕೆ.ಜಿ. ಇಳಿಸಿದರೂ ಅರಿವಳಿಕೆ ಡಾಕ್ಟರ ಕೆಲಸ ಹಗುರಾಗುತ್ತದೆ.

ದಪ್ಪಗಿರುವ ಬಸುರಿಯನ್ನು ಆಸ್ಪತ್ರೆಯಲ್ಲಿ ಎಲ್ಲರ ಮುಂದೆ ಹಂಗಿಸುವ ಅಭ್ಯಾಸ ಮೊದಲು ನಿಲ್ಲಬೇಕು. ಒಮ್ಮೆ ಬೈಸಿಕೊಂಡವಳು ಮುಂದಿನ ತಪಾಸಣೆಗೆ ಬರುವುದಿಲ್ಲ, ಬಾರದವಳು ತುರ್ತಿನಲ್ಲೇ ಬರುತ್ತಾಳೆ. ಆರೋಗ್ಯ ಇಲಾಖೆ ಪ್ರತಿ ತಾಲ್ಲೂಕು ಆಸ್ಪತ್ರೆಗೆ ಇಬ್ಬರು ಅರಿವಳಿಕೆ ತಜ್ಞರನ್ನು, ನಾಲ್ಕು ಉದ್ದದ ಸೂಜಿಗಳನ್ನು, ಒಂದು ದೊಡ್ಡ ಬಿ.ಪಿ. ಪಟ್ಟಿಯನ್ನು ಕೊಡಲಿ. ಮೊದಲನೆಯದಕ್ಕೆ ಹಣವೂ ಸಮಯವೂ ಬೇಕು, ಉಳಿದೆರಡಕ್ಕೆ ಒಂದು ಸಹಿ ಸಾಕು. ಮನೆಯವರು ಮಾಡಬೇಕಾದ್ದು ಇನ್ನೂ ಸುಲಭ. ನಿಮ್ಮ ಮನೆಯ ಬಸುರಿಯ ಎತ್ತರ, ತೂಕ ಬರೆದು ಭಾಗಿಸಿ ನೋಡಿ. ಉತ್ತರ 40ರ ಹತ್ತಿರ ಬಂದರೆ ಮುಂದಿನ 9ನೇ ತಾರೀಖು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅರಿವಳಿಕೆ ಡಾಕ್ಟರನ್ನು ನೋಡಬೇಕು ಎಂದು ಕೇಳಿ, ನೋಡಿಯೇ ವಾಪಸ್ ಬನ್ನಿ.